ರಾಣಿಗೆ ಕೇಳಿಸಬಾರದ ಮಾತು

ಸ್ವಗತ ಹೇಳುವುದು ಕಷ್ಟವಲ್ಲ. ಅದು ಕೇಳಿಸದವಳಂತೆ ಕೂರುವುದು ಕಷ್ಟ. ಇದನ್ನು ಯಾರೂ ಒಪ್ಪುವುದಿಲ್ಲ, ಒಪ್ಪದಿದ್ದರೆ ಕತ್ತೆ ಬಾಲ. ಮಂತ್ರಿಯಾದವನು ರಂಗದ ಮುಂದಕ್ಕೆ ನಡೆದು ಬಂದು, ಜನರ ಕಡೆ ಮುಖ ಮಾಡಿ, ಗಂಟಲು ಬಿಚ್ಚಿ “ಈ ಬಟ್ಟಲಿನಲ್ಲಿ ವಿಷವಿದೆ” ಎನ್ನುತ್ತಾನೆ. ಕೊನೆಯ ಸಾಲಿನಲ್ಲಿ ತೂಕಡಿಸುತ್ತಿರುವ ಮುದುಕನಿಗೂ ಅದು ಕೇಳುತ್ತದೆ. ಅವನ ಬೆನ್ನ ಹಿಂದೆ ಸಿಂಹಾಸನದ ಮೇಲೆ ಕೂತಿರುವ ರಾಜನಿಗೂ ರಾಣಿಗೂ ಮಾತ್ರ ಕೇಳುವುದಿಲ್ಲ. ಕೇಳಬಾರದು. ಕೇಳಿದರೆ ನಾಟಕ ಅಲ್ಲಿಗೇ ಮುಗಿಯಿತು, ಜನ ಎದ್ದು ಮನೆಗೆ ಹೋಗಿ ಊಟ ಮಾಡಿ ಮಲಗಬಹುದು.

ನಾನು ಆ ರಾಣಿ. ಮದುವೆಯಾಗಿ ಈ ನಾಟಕ ಕಂಪನಿಗೆ ಕಾಲಿಟ್ಟಾಗಿನಿಂದ ಅದೇ ರಾಣಿ. ರಾಜ ನನ್ನ ಗಂಡ, ಕಂಪನಿಯ ಯಜಮಾನನೂ ಅವನೇ. ಎದುರಿಗೆ ಈಗಲೂ ‘ರೀ’ ಎಂದೇ ಕರೆಯುತ್ತೇನೆ. ಬೆನ್ನ ಹಿಂದೆ ‘ಅವನು’ ಅನ್ನುವಷ್ಟು ಸ್ವಾತಂತ್ರ್ಯವನ್ನು ನಾನೇ ತೆಗೆದುಕೊಂಡಿದ್ದೇನೆ. ರಾಣಿಯ ಸಖಿಯ ಪಾತ್ರ ನನ್ನ ಸ್ವಂತ ತಂಗಿಯದು. ಅಪ್ಪ ಅಮ್ಮ ಹೋದ ಮೇಲೆ ಎರಡು ಜಡೆಯ ಹುಡುಗಿಯನ್ನು ಕೈ ಹಿಡಿದು ಕರೆತಂದವಳು ನಾನೇ. ನಿಲ್ಲುವುದು, ನಡೆಯುವುದು, ಉಸಿರು ಎಲ್ಲಿ ಎಳೆಯಬೇಕು ಅನ್ನುವುದು, ಎಲ್ಲ ನಾನು ಕಲಿಸಿದ್ದು. ಇನ್ನು ಮಂತ್ರಿ. ಅವನನ್ನು ಎಲ್ಲರೂ ವಿಷಪ್ಪ ಅನ್ನುತ್ತಾರೆ. ಇರುವೆ ಕಂಡರೆ ದಾಟಿಕೊಂಡು ಹೋಗುವ ಮನುಷ್ಯ. ಆದರೂ ಬಸ್ಸಿನಲ್ಲಿ ಪಕ್ಕ ಕೂತವರು ಅವನ ಮುಖ ನೋಡಿದ ಮೇಲೆ ಊಟದ ಡಬ್ಬಿಯ ಮುಚ್ಚಳ ತೆಗೆಯುವುದಿಲ್ಲ.

ನಾಟಕದ ಕಥೆ ಇಷ್ಟೇ. ಮಂತ್ರಿ ವಿಷದ ಬಟ್ಟಲನ್ನು ರಾಣಿಯ ಕೈಗೆ ಕೊಡುತ್ತಾನೆ. ಏನೂ ಅರಿಯದ ರಾಣಿ ಅದನ್ನು ರಾಜನಿಗೆ ಕೊಡುತ್ತಾಳೆ. ರಾಜ ಸಾಯುತ್ತಾನೆ, ಊರು ರಾಣಿಯನ್ನು ಕೊಲೆಗಾರ್ತಿ ಅನ್ನುತ್ತದೆ, ಅವಳು ಬಟ್ಟಲಲ್ಲಿ ಉಳಿದದ್ದನ್ನು ತಾನು ಕುಡಿಯುತ್ತಾಳೆ. ಕೊನೆಯ ಅಂಕ ಪೂರ್ತಿ ನನ್ನದು. ಗಂಡಸರು ಕರವಸ್ತ್ರ ಹುಡುಕುವುದನ್ನು ನಾನು ರಂಗದ ಮೇಲಿನಿಂದ ನೋಡುತ್ತಿದ್ದೆ. ಮಕ್ಕಳಿಲ್ಲದವಳು ನಾನು, ಆ ಅಂಕವೊಂದೇ ನನ್ನದು ಅಂತ ಇದ್ದದ್ದು.

ಬಟ್ಟಲು ನನ್ನ ಕೈಗೆ ಬರುವ ಮೊದಲು ಮಂತ್ರಿಯ ಉದ್ದನೆಯ ಸ್ವಗತ ಬರುತ್ತದೆ. ಅಷ್ಟು ಹೊತ್ತೂ ರಾಜ ರಾಣಿ ಹಿಂದೆ ಪಿಸುಮಾತಿನಲ್ಲಿ ಸರಸವಾಡುತ್ತಿರಬೇಕು. ಬರಿದೇ ತುಟಿ ಅಲ್ಲಾಡಿಸಿದರೆ ನೀರಿಂದ ತೆಗೆದ ಮೀನಿನ ಹಾಗೆ ಕಾಣುತ್ತದೆಂದು ನಾವು ನಿಜವಾಗಿಯೇ ಮಾತಾಡುತ್ತಿದ್ದೆವು. ಏನು ಮಾತು ಅಂತೀರಿ? ಮನೆಯ ಮಾತು. ನನ್ನ ಗಂಡ ನಾಟಕದ ದಿನ ಗಂಟಲು ಕಾಪಾಡಿಕೊಳ್ಳಬೇಕೆಂದು ಮಾತಾಡುವುದಿಲ್ಲ, ಮಾರನೆಯ ದಿನ ಗಂಟಲು ದಣಿದಿದೆಯೆಂದು ಮಾತಾಡುವುದಿಲ್ಲ. ಸಂಸಾರಕ್ಕೆ ಉಳಿದದ್ದು ವಿಷಪ್ಪನ ಸ್ವಗತ ಮಾತ್ರ. ಅತ್ತೆಯ ಕಣ್ಣಿನ ಆಪರೇಷನ್ ಎಲ್ಲಿ ಮಾಡಿಸುವುದು, ಬಾಡಿಗೆ ಮನೆ ಬದಲಿಸುವುದೋ ಬೇಡವೋ, ತಂಗಿಗೆ ಬಂದ ಗಂಡು ಸರಿಯೋ ಇಲ್ಲವೋ, ಎಲ್ಲವನ್ನೂ ನಾವು ಕಿರೀಟ ತೊಟ್ಟುಕೊಂಡು, ನಗುಮುಖದಿಂದ, ಸಿಂಹಾಸನದ ಮೇಲೆಯೇ ತೀರ್ಮಾನಿಸಿದೆವು. (ಆ ಗಂಡು ಸರಿಯಿಲ್ಲ ಅಂದವನು ನನ್ನ ಗಂಡ. ತಂಗಿ ಕಂಪನಿಯಲ್ಲೇ ಉಳಿದಳು.) ಎದುರಿಗೆ ವಿಷಪ್ಪ ಏನು ಹೇಳುತ್ತಿದ್ದಾನೆಂದು ನಾನು ಕೇಳಿಸಿಕೊಳ್ಳುವುದನ್ನೇ ಬಿಟ್ಟಿದ್ದೆ. ಅವನ ಕೊನೆಯ ಮಾತು, “ಕೈ ಮಾತ್ರ ರಾಣಿಯದು” ಅನ್ನುವುದು, ಕಿವಿಗೆ ಬಿದ್ದರೆ ನಾನು ಎದ್ದು ನಿಲ್ಲುತ್ತಿದ್ದೆ. ಅದಕ್ಕೆ ಮುಂಚಿನದೆಲ್ಲ ನನ್ನ ಪಾಲಿಗೆ ಫ್ಯಾನಿನ ಸದ್ದು.

ಹೀಗಿರುವಾಗ ಮೇಷ್ಟ್ರು ಬಂದರು. ಕಾಲೇಜಿನಲ್ಲಿ ನಾಟಕದ ಪಾಠ ಮಾಡುವವರು. ನಗರದ ಹೊಸ ರಂಗಮಂದಿರದವರು ನಮ್ಮ ನಾಟಕವನ್ನು ಕರೆಸಿಕೊಳ್ಳುತ್ತೇವೆ, ಆದರೆ ಮೇಷ್ಟ್ರು ಅದನ್ನು ಹೊಸದಾಗಿ ತಿದ್ದಿ ಕೂರಿಸಬೇಕು ಅಂದಿದ್ದರು. ಹೊಸ ರಂಗಮಂದಿರ ಅಂದರೆ ತಿರುಗುವ ವೇದಿಕೆ, ಮೆತ್ತನೆಯ ಕುರ್ಚಿ, ಪತ್ರಿಕೆಯವರು. ನಾನು ನನ್ನ ಕೊನೆಯ ಅಂಕವನ್ನು ಅಲ್ಲಿ ನಿಂತು ಹೇಳುವುದನ್ನು ನೆನೆಸಿಕೊಂಡು ಅಡುಗೆಮನೆಯಲ್ಲಿ ಒಬ್ಬಳೇ ನಗುತ್ತಿದ್ದೆ, ನನ್ನ ಹಾಗೆ ದಡ್ಡಿ ಬೇರೆ ಯಾರಿದ್ದಾರೆ!

ಮೇಷ್ಟ್ರು ಮೊದಲ ದಿನವೇ ಕತ್ತರಿ ಹಿಡಿದರು.

“ಈ ಸ್ವಗತಗಳನ್ನೆಲ್ಲ ಕಿತ್ತಾಕೋಣ. ಮನುಷ್ಯರು ಎಲ್ಲಾದ್ರೂ ಹೀಗೆ ಪಕ್ಕಕ್ಕೆ ತಿರುಗಿ ಮಾತಾಡ್ತಾರಾ?”

ವಿಷಪ್ಪನ ಮುಖ ಬಾಡಿಹೋಯಿತು. “ಸಾರ್, ಅದೂ ಹೋದ್ರೆ ನನಗೇನಿದೆ? ಬಟ್ಟಲು ತಂದಿಟ್ಟು ಹೋಗೋದಕ್ಕೆ ಮಂತ್ರಿ ಯಾಕೆ, ಹೋಟೆಲ್ ಮಾಣಿ ಸಾಕು.”

“ನೋಡೋಣ, ಮಾಡಿ ನೋಡೋಣ,” ಅಂದರು ಮೇಷ್ಟ್ರು.

ಮಾಡಿ ನೋಡಿದೆವು. ಸ್ವಗತವಿಲ್ಲದೆ ತಾಲೀಮು. ಮಂತ್ರಿ ಬಂದ, ಬಟ್ಟಲು ಕೊಟ್ಟ, ಹೋದ. ನಾನು ರಾಜನಿಗೆ ಕೊಟ್ಟೆ. ರಾಜ ಕುಡಿದು ಎದೆ ಹಿಡಿದುಕೊಂಡು ಬಿದ್ದ. ಕೆಳಗೆ ಕೂತು ನೋಡುತ್ತಿದ್ದ ಬಡಗಿ ಗಾಬರಿಯಾಗಿ, “ಯಾಕ್ರೀ, ಯಜಮಾನ್ರಿಗೆ ಹುಷಾರಿಲ್ವಾ?” ಅಂತ ಎದ್ದು ನಿಂತ. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಮೇಷ್ಟ್ರು ಮಾತ್ರ ನಗಲಿಲ್ಲ. ಹಣೆ ತಿಕ್ಕಿಕೊಳ್ಳುತ್ತ ಬಹಳ ಹೊತ್ತು ಓಡಾಡಿದರು. ಒಳ್ಳೆಯ ತಲೆ ಅವರದು, ತನ್ನ ತಪ್ಪನ್ನೇ ಹಿಡಿದು ಕೂರುವ ಜಾತಿಯಲ್ಲ.

“ಸ್ವಗತ ಇರಲಿ,” ಅಂದರು. “ಇನ್ನೂ ಉದ್ದ ಮಾಡೋಣ. ವಿಷ ಕುಡಿದು ಸಾಯೋದು ದುರಂತ ಅಲ್ಲ, ಅದು ಬರೀ ಸಾವು. ಇಡೀ ಹಾಲಿಗೆ ಗೊತ್ತು, ಕುಡಿಯೋನಿಗೆ ಮಾತ್ರ ಗೊತ್ತಿಲ್ಲ, ಕೊಡೋಳಿಗೂ ಗೊತ್ತಿಲ್ಲ, ದುರಂತ ಅದು. ಒಂದು ಸಲ ಮಂತ್ರಿ ಜನರ ಕಿವಿಗೆ ಹಾಕ್ಬಿಟ್ರೆ ಅವರು ಬರೀ ನೋಡೋರಲ್ಲ, ಸಂಚಲ್ಲಿ ಪಾಲುದಾರರು. ಕೂಗಿ ಹೇಳೋ ಹಾಗಿಲ್ಲ, ಸುಮ್ನೆ ಕೂರೋದಕ್ಕೂ ಆಗಲ್ಲ. ಆ ಸಂಕಟಕ್ಕೇ ಅವರು ಟಿಕೆಟ್ ತಗೊಂಡು ಬರೋದು.”

ಆಮೇಲೆ ಸಿಂಹಾಸನವನ್ನು ಮುಂದಕ್ಕೆ ಎಳೆಸಿದರು. ರಾಜ ರಾಣಿ ದೂರದಲ್ಲಿದ್ದರೆ ಕೇಳಿಸದೇ ಇರುವುದರಲ್ಲಿ ಏನಿದೆ ವಿಶೇಷ, ಮಂತ್ರಿಯ ಉಸಿರು ತಾಗುವಷ್ಟು ಹತ್ತಿರದಲ್ಲಿದ್ದೂ ಕೇಳಿಸಬಾರದು, ಅನ್ನುವುದು ಅವರ ವಾದ. ಹಾಗೆ ಕೂತು ಮಾಡಿ ತೋರಿಸಿದೆವು.

“ಅಮ್ಮಾ, ಎಷ್ಟು ಚೆನ್ನಾಗಿ ಕೇಳಿಸ್ಕೊಳ್ಳದೇ ಇರ್ತೀರಿ! ನಟನೆ ಅನ್ಸೋದೇ ಇಲ್ಲ,” ಅಂದರು ಮೇಷ್ಟ್ರು. ಹಾಗನ್ನುತ್ತ ನನ್ನ ಗಂಡನ ಮುಖ ನೋಡಿದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಹೊಸ ತಿದ್ದುಪಡಿಯೊಂದಿಗೆ ನಮ್ಮ ಹಳೆಯ ಮಂದಿರದಲ್ಲೇ ಕೊನೆಯ ಕೆಲವು ಪ್ರದರ್ಶನಗಳನ್ನು ಮಾಡಿ, ಆಮೇಲೆ ನಗರಕ್ಕೆ ಹೋಗುವುದೆಂದಾಯಿತು. ಆ ಪ್ರದರ್ಶನಗಳಲ್ಲಿ ನನ್ನ ಗಂಡ ಬೇರೆಯೇ ಮನುಷ್ಯನಾಗಿಬಿಟ್ಟ. ಅಲ್ಲಿಯ ತನಕ ಸಿಂಹಾಸನದ ಮೇಲೆ ಮಾತು ನನ್ನದು, ‘ಹೂಂ’ ಅವನದು. ಈಗ ವಿಷಪ್ಪ ಮುಂದಕ್ಕೆ ಹೆಜ್ಜೆಯಿಟ್ಟನೆಂದರೆ ಸಾಕು, ಇವನು ನನ್ನ ಕಡೆ ವಾಲುತ್ತಿದ್ದ.

“ಮಂಡಿ ನೋವು ಹೇಗಿದೆ?”

ನನಗೆ ನಂಬಿಕೆಯಾಗಲಿಲ್ಲ. ಮಂಡಿ ನೋಯುತ್ತದೆಂದು ನಾನು ಅವನಿಗೆ ಹೇಳಿದ್ದು ಯಾವ ಕಾಲದಲ್ಲೋ. “ಪರವಾಗಿಲ್ಲ ರೀ. ಮೆಟ್ಟಿಲು ಹತ್ತೋವಾಗ ಸ್ವಲ್ಪ ಹಿಡಿಯತ್ತೆ.”

“ಡಾಕ್ಟ್ರಿಗೆ ತೋರಿಸ್ಬಾರ್ದಾ? ಎಷ್ಟು ದಿನ ಅಂತ ಹೀಗೆ ಓಡಾಡ್ತೀಯಾ? ನಿನ್ನ ಬಗ್ಗೆ ನೀನು ಯೋಚನೇನೇ ಮಾಡಲ್ಲ.”

ಮಾರನೆಯ ಪ್ರದರ್ಶನದಲ್ಲಿ ಅಡುಗೆಮನೆಯ ನಲ್ಲಿ ಸೋರುವುದನ್ನು ಕೇಳಿದ. ಅದರ ಮಾರನೆಯದರಲ್ಲಿ, ಮದುವೆಯಾದ ಹೊಸತರಲ್ಲಿ ನಾನು ಉಡುತ್ತಿದ್ದ ಹಸಿರು ಸೀರೆ ಎಲ್ಲಿ ಹೋಯಿತು ಅಂತ ಕೇಳಿದ. ಕೇಳುತ್ತ ಕೈ ಹಿಡಿದುಕೊಂಡ. ಜನ ಚಪ್ಪಾಳೆ ಹೊಡೆದರು. ನನಗೆ ಈ ವಯಸ್ಸಿನಲ್ಲಿ ಕೆನ್ನೆ ಕೆಂಪಾಯಿತು, ಬಣ್ಣದ ಕೆಳಗೆ ಯಾರಿಗೂ ಕಾಣಲಿಲ್ಲ ಪುಣ್ಯಕ್ಕೆ. ಮುದುಕನಿಗೆ ಈಗ ಬುದ್ಧಿ ಬಂತು ಅಂದುಕೊಂಡೆ. ಮಾತಿನಲ್ಲಿ ಎಷ್ಟು ಮುಳುಗಿದ್ದೆನೆಂದರೆ ಒಂದು ದಿನ “ಕೈ ಮಾತ್ರ ರಾಣಿಯದು” ಅನ್ನುವುದನ್ನೂ ತಪ್ಪಿಸಿಕೊಂಡು, ವಿಷಪ್ಪ ಇನ್ನೊಂದು ಸಲ ಹೇಳಬೇಕಾಯಿತು. ಅವನ ಕಣ್ಣು ಕೆಂಪಗಿತ್ತು. ಪಾತ್ರದೊಳಗೆ ಹೊಕ್ಕಿದ್ದಾನೆ ಅಂದುಕೊಂಡೆ.

ಆಮೇಲೆ ಕಂಪನಿಯ ಸಭೆ. ನಮ್ಮಲ್ಲಿ ನನ್ನ ಮಾವನ ಕಾಲದಿಂದ ಒಂದು ಕಟ್ಟಳೆಯಿದೆ. ಯಾರ ಪಾತ್ರವನ್ನಾದರೂ ಬದಲಿಸಬೇಕಾದರೆ ಅದನ್ನು ಮಾಡುತ್ತಿರುವವರು ಎಲ್ಲರೆದುರು ಒಪ್ಪಬೇಕು. ಯಜಮಾನನೇ ಆದರೂ ಕಿತ್ತುಕೊಳ್ಳುವಂತಿಲ್ಲ. ರಂಗದ ಮೇಲೆ ಜಮಖಾನೆ ಹಾಸಿ ಎಲ್ಲರೂ ಕೂತಿದ್ದೆವು. ನನ್ನ ಗಂಡ ಗಂಟಲು ಸರಿಮಾಡಿಕೊಂಡು, “ಹೊಸ ರಂಗಮಂದಿರಕ್ಕೆ ಯಾರ್ಯಾರು ಯಾವ ಪಾತ್ರ ಅನ್ನೋದನ್ನ ನಾನೂ ಮೇಷ್ಟ್ರೂ ನೋಡ್ಕೋತೀವಿ. ನಿಮಗೇ ಬಿಟ್ಟಿದ್ದೀವಿ ಅಂತ ಎಲ್ರೂ ಒಪ್ಪಿಗೆ ಕೊಡಿ,” ಅಂದ.

ಯಾರೂ ಕೈಯೆತ್ತಲಿಲ್ಲ. ಎಲ್ಲರೂ ನನ್ನನ್ನೇ ನೋಡಿದರು. ವಿಷಪ್ಪ ಕೆಮ್ಮಿದ. ತಂಗಿ ಜಮಖಾನೆಯ ದಾರ ಕೀಳುತ್ತ ಕೂತಿದ್ದಳು. ನನಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಅನ್ನ ಹಾಕಿದ ಯಜಮಾನ ಬಾಯಿಬಿಟ್ಟು ಕೇಳಿದರೆ ಒಬ್ಬರೂ ಮಿಸುಕುವುದಿಲ್ಲವೇ, ಎಂಥ ಜನ ಇವರು ಅನ್ನಿಸಿತು. ಗಂಡನ ಮರ್ಯಾದೆ ಉಳಿಸಬೇಕೆಂದು ನಾನೇ ಮೊದಲು ಕೈಯೆತ್ತಿದೆ. ಬಳೆ ಸದ್ದಾಗುವ ಹಾಗೆ, ಎತ್ತರಕ್ಕೆ ಎತ್ತಿದೆ. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಎತ್ತಿದರು.

ಮಂಡಿಗೆ ಹಚ್ಚುವ ಮುಲಾಮು ತರಲು ಔಷಧಿ ಅಂಗಡಿಗೆ ಹೋದದ್ದು ಅದರ ಮರುದಿನ. ಗಂಡ ಅಷ್ಟು ಕಳಕಳಿಯಿಂದ ಕೇಳಿದ್ದಾನಲ್ಲ, ಅದಕ್ಕೇ ಹೋದೆ. ಅಂಗಡಿಯಾಕೆ ನಾಟಕದ ಹುಚ್ಚಿ, ಒಂದು ಪ್ರದರ್ಶನವನ್ನೂ ಬಿಡುವವಳಲ್ಲ. ಮುಲಾಮನ್ನು ಕೈಗೆ ಕೊಡದೆ ಹಿಡಿದುಕೊಂಡೇ ಜಗಳಕ್ಕೆ ನಿಂತಳು.

“ಅಲ್ಲಮ್ಮಾ, ನಿಮ್ಮ ನಾಟಕ ಯಾಕೆ ಹೀಗೆ ಅರ್ಧಂಬರ್ಧ ಆಗಿದೆ? ಆಸೆ ತೋರಿಸಿ ಮೋಸ ಮಾಡ್ತೀರಲ್ಲ.”

“ಯಾಕೆ, ಏನಾಯ್ತು?”

“ಮಂತ್ರಿ ಹೊಸದಾಗಿ ಹೇಳ್ತಾನಲ್ಲ, ರಾಣಿ ಜಾಗಕ್ಕೆ ರಾಣಿಯ ಒಡಹುಟ್ಟಿದೋಳೇ ಬರ್ತಾಳೆ, ಕರ್ಕೊಂಡು ಬರೋನು ಅವಳ ಪಕ್ಕದಲ್ಲೇ ಕೂತಿದ್ದಾನೆ ಅಂತ! ಅಯ್ಯೋ, ನಮ್ಮೆದೆ ಡವಡವ ಅಂತಿತ್ತು. ಸಭೇಲಿ ಕೈ ಎತ್ತೋಕೆ ಮುಂಚೆ ರಾಣಿ ಒಂದ್ಸಲ ಈ ಕಡೆ ಕಿವಿ ಕೊಟ್ರೆ ಸಾಕು ಅಂತ ಬೇರೆ ಹೇಳ್ತಾನೆ. ಮುಂದೆ ನೋಡಿದ್ರೆ ತಂಗೀನೂ ಇಲ್ಲ, ಸಭೇನೂ ಇಲ್ಲ. ಹಾಗಾದ್ರೆ ಹೇಳಿದ್ದಾದ್ರೂ ಯಾಕೆ?”

ಮುಲಾಮಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. “ಯಾವತ್ತು ಹೇಳ್ದ?”

“ದಿನಾ ಹೇಳ್ತಾನಲ್ಲ! ಒಂದಿನವಂತೂ ನಿಮ್ಮ ಮುಖ ನೋಡ್ಕೊಂಡೇ ಹೇಳ್ದ. ನೀವು ಯಜಮಾನ್ರ ಹತ್ರ ಏನೋ ಹೇಳ್ಕೊಂಡು ನಗ್ತಾ ಕೂತಿದ್ರಿ. ಹಾಲಲ್ಲಿ ನಾವೆಲ್ಲ ಅಯ್ಯೋ ಪಾಪ ಅಂದ್ವಿ. ಏನು ಚೆನ್ನಾಗಿ ಮಾಡ್ತೀರಮ್ಮಾ ನೀವು!”

ಮುಲಾಮನ್ನು ಅಲ್ಲೇ ಬಿಟ್ಟು ಬಂದೆ. ವಿಷಪ್ಪ ಗ್ರೀನ್ ರೂಮಿನಲ್ಲಿ ಕೂತು ಮಂತ್ರಿಯ ಅಂಟುಗಡ್ಡವನ್ನು ಬಾಚುತ್ತಿದ್ದ. ನನ್ನನ್ನು ಕಂಡದ್ದೇ ಬಾಚಣಿಗೆ ಕೆಳಗಿಟ್ಟ.

“ನಿಜವಾ?” ಅಂದೆ.

“ನಿಜ ಅತ್ತಿಗೆ. ಹೊಸ ರಂಗಮಂದಿರದೋರು ರಾಣಿ ಚಿಕ್ಕ ವಯಸ್ಸಿನೋಳು ಬೇಕು ಅಂದ್ರಂತೆ. ಅಣ್ಣ ಒಪ್ಕೊಂಡ್ರು.”

“ರಾಜನಿಗೆ ಎಷ್ಟು ವಯಸ್ಸಿರಬೇಕು ಅಂತ ಅವರೇನೂ ಹೇಳ್ಲಿಲ್ವಾ?”

ವಿಷಪ್ಪ ಮತ್ತೆ ಬಾಚಣಿಗೆ ಎತ್ತಿಕೊಂಡ.

“ನನ್ನ ತಂಗಿಗೆ ಗೊತ್ತಾ?”

“ಎಲ್ರಿಗೂ ಗೊತ್ತು. ನಿಮಗೊಬ್ರಿಗೇ ಗೊತ್ತಿಲ್ಲ. ನಿಮಗೆ ಹೇಳಲ್ಲ ಅಂತ ಅಣ್ಣ ನಮ್ಮೆಲ್ರ ಹತ್ರ ಆಣೆ ಮಾಡಿಸ್ಕೊಂಡ್ರು. ಸ್ವಗತದಲ್ಲಿ ಹೇಳಲ್ಲ ಅಂತ ನಾನು ಆಣೆ ಮಾಡಿರ್ಲಿಲ್ಲ. ಅದಕ್ಕೇ ಅಲ್ಲಿ ಹೇಳ್ದೆ. ಮೊದಲನೇ ದಿನಾನೇ ಅಣ್ಣನಿಗೆ ಕೇಳಿಸ್ತು. ನಾನು ಬಾಯಿ ತೆಗೆದ್ರೆ ಸಾಕು, ಅವರು ನಿಮ್ಮ ಹತ್ರ ಮಾತು ಶುರು ಮಾಡೋರು. ನಾನು ದನಿ ಏರಿಸ್ದೆ. ನೀವು ಇನ್ನೂ ಅವರ ಕಡೆ ವಾಲಿದ್ರಿ.”

ಮಂಡಿ ನೋವು. ನಲ್ಲಿ. ಹಸಿರು ಸೀರೆ.

“ಅಲ್ಲಯ್ಯಾ, ಊರಿಗೆಲ್ಲ ಡಂಗುರ ಹೊಡೆದು ಹೇಳೋ ಬದಲು ನನ್ನ ಕೈ ಹಿಡಿದು ಪಕ್ಕಕ್ಕೆ ಎಳೆದು ಒಂದು ಮಾತು ಹೇಳೋಕಾಗ್ಲಿಲ್ವಾ?”

“ಆಣೆ, ಅತ್ತಿಗೆ...”

“ಆಣೆ ಕಟ್ಕೊಂಡು ಸಾಯಿ,” ಅಂದೆ. ಅಂದದ್ದಕ್ಕೆ ಇವತ್ತಿಗೂ ಬೇಸರವಿಲ್ಲ. ಅವನು ನಿಜ ಹೇಳಿ ಕೈ ತೊಳೆದುಕೊಂಡ. ಕೇಳಿಸಿಕೊಳ್ಳದ ಪಾಪ ನನ್ನ ತಲೆಗೆ. ನಿಜ ಹೇಳಿಯೂ ಯಾರ ಕೆಂಗಣ್ಣಿಗೂ ಬೀಳದಿರುವ ಜಾಗ ಸ್ವಗತವೊಂದೇ ಎಂದು ಅವನಿಗೆ ಗೊತ್ತಿತ್ತು.

ತಂಗಿ ದರ್ಜಿಯ ಕೋಣೆಯಲ್ಲಿ ಸಿಕ್ಕಳು. ರಾಣಿಯ ರವಿಕೆಯನ್ನು ತೊಟ್ಟುಕೊಂಡು ನಿಂತಿದ್ದಳು, ದರ್ಜಿ ಸೊಂಟದ ಹತ್ತಿರ ಪಿನ್ನು ಚುಚ್ಚುತ್ತಿದ್ದ. ನನ್ನ ಮೈ ಬೆವರು ಕುಡಿದ ರವಿಕೆ. ದರ್ಜಿ ನನ್ನನ್ನು ನೋಡಿ ಪಿನ್ನುಗಳನ್ನು ಬಾಯಲ್ಲಿಟ್ಟುಕೊಂಡೇ ಆಚೆ ಹೋದ.

“ಅಕ್ಕಾ, ನಾನು ಕೇಳಿರ್ಲಿಲ್ಲ. ಭಾವಾನೇ ಬಂದು ಹೇಳಿದ್ದು.”

“ಬೇಡ ಅನ್ನೋಕೆ ಬಾಯಿರ್ಲಿಲ್ವಾ ನಿನಗೆ?”

“ಎಷ್ಟು ವರ್ಷ ಅಂತ ‘ಅಪ್ಪಣೆ ಮಹಾರಾಣಿ’ ಅನ್ಕೊಂಡು ನಿಂತಿರ್ಲಿ ಅಕ್ಕಾ? ನನಗೂ ವಯಸ್ಸಾಗ್ತಿದೆ. ಇನ್ನೊಂದು ನಾಲ್ಕು ವರ್ಷ ಹೋದ್ರೆ ನನ್ನನ್ನೂ ಯಾರೂ ರಾಣಿ ಮಾಡಲ್ಲ.”

ಹೇಳಿದ್ದು ಸುಳ್ಳಾಗಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ. ಸುಳ್ಳಾಗಿರಲಿಲ್ಲ. ಅದೇ ಹೊಟ್ಟೆ ಉರಿಸಿತು. ನನ್ನ ಗಂಡನಿಗೂ ಅವಳಿಗೂ ನಡುವೆ ಬೇರೇನೂ ಇರಲಿಲ್ಲ, ಅದನ್ನು ನಾನು ಕಂಡುಕೊಂಡೆ. ಇದ್ದಿದ್ದರೆ ಬೀದಿಯಲ್ಲಿ ನಿಂತು ಬೈಯಲಾದರೂ ಆಗುತ್ತಿತ್ತು. ಹೆಂಡತಿಯ ಪಾತ್ರವನ್ನು ನಾದಿನಿಗೆ ಕೊಟ್ಟ ಅಂದರೆ ಯಾವ ಪಂಚಾಯಿತಿಯಲ್ಲಿ ನ್ಯಾಯ ಕೇಳುವುದು? ಮೊದಲು ಕೈಯೆತ್ತಿದವಳೂ ನಾನೇ.

ಮನೆಗೆ ಹೋದಾಗ ನನ್ನ ಗಂಡ ಉಪ್ಪು ನೀರಿನಲ್ಲಿ ಬಾಯಿ ಮುಕ್ಕಳಿಸುತ್ತಿದ್ದ. ಅಂದು ಸಂಜೆ ಹಳೆಯ ಮಂದಿರದ ಕೊನೆಯ ಪ್ರದರ್ಶನವಿತ್ತು.

“ನನ್ನ ರಾಣಿ ಪಾತ್ರ ಯಾರಿಗೆ ಕೊಟ್ರಿ?” ಅಂದೆ.

ಅವನು ನನ್ನನ್ನು ನೋಡಿದ. ಗೊತ್ತಾಗಿದೆಯೆಂದು ಅವನಿಗೆ ಗೊತ್ತಾಯಿತು. ಆದರೆ ಬೆರಳೆತ್ತಿ ಗಂಟಲನ್ನು ತೋರಿಸಿ, ಇವತ್ತು ಪ್ರದರ್ಶನವಿದೆ, ಮಾತಾಡುವಂತಿಲ್ಲ ಅಂತ ಸನ್ನೆ ಮಾಡಿದ. ಮತ್ತೆ ತಲೆ ಹಿಂದಕ್ಕೆ ಚೆಲ್ಲಿ ಗಳಗಳ ಮುಕ್ಕಳಿಸತೊಡಗಿದ. ಆ ಸದ್ದಿಗೆ ನನಗೆ ಅವನ ಕತ್ತು ಹಿಸುಕುವಷ್ಟು ಸಿಟ್ಟು ಬಂತು. ಮಾತು ಸಿಂಹಾಸನದ ಮೇಲೇ ಆಗಲಿ ಹಾಗಾದರೆ ಅಂದುಕೊಂಡೆ.

ಸಂಜೆ ಹಾಲ್ ತುಂಬಿತ್ತು. ಔಷಧಿ ಅಂಗಡಿಯಾಕೆ ಮುಂದಿನ ಸಾಲಿನಲ್ಲೇ ಇದ್ದಳು, ಪಕ್ಕದ ಬಾಗಿಲ ಬಳಿ ಮೇಷ್ಟ್ರು ಕೈಕಟ್ಟಿ ನಿಂತಿದ್ದರು. ವಿಷಪ್ಪ ಮುಂದಕ್ಕೆ ನಡೆದ. ನನ್ನ ಗಂಡ ನನ್ನ ಕಡೆ ವಾಲಿದ.

“ಮಂಡಿ ನೋವು ಈಗ...”

ನಾನು ಉತ್ತರ ಕೊಡಲಿಲ್ಲ. ಮುಗುಳ್ನಗೆಯನ್ನು ಹಾಗೇ ಇಟ್ಟುಕೊಂಡು, ಇಷ್ಟು ವರ್ಷಗಳಲ್ಲಿ ಮೊದಲ ಸಲ, ಸ್ವಗತವನ್ನು ಕೇಳಿಸಿಕೊಂಡೆ. ಅಯ್ಯೋ ದೇವರೇ, ಎಂಥ ಮಾತುಗಳು! ಬಟ್ಟಲಿಗೆ ಬೆರೆಸಿದ್ದು ಏನು, ಯಾಕೆ, ರಾಜ ಎಷ್ಟು ನಿಮಿಷ ಒದ್ದಾಡುತ್ತಾನೆ, ರಾಣಿಯ ಮೇಲೆ ಅಪವಾದ ಹೇಗೆ ಹೊರಿಸುತ್ತೇನೆ, ಎಲ್ಲವನ್ನೂ ಬಿಡಿಸಿ ಬಿಡಿಸಿ ಹೇಳುತ್ತಾನೆ. ನನ್ನ ತಂಗಿಯ ಮಾತು ಅವತ್ತು ಇರಲಿಲ್ಲ. ಸಭೆ ಮುಗಿದಿತ್ತಲ್ಲ, ಇನ್ನು ಹೇಳಿ ಏನು ಪ್ರಯೋಜನ ಅಂತ ಬಿಟ್ಟಿದ್ದ. ಪಕ್ಕದಲ್ಲಿ ನನ್ನ ಗಂಡ, “ಯಾಕೆ ಸುಮ್ನಿದ್ದೀಯಾ, ತುಟಿ ಆಡಿಸು,” ಅಂತ ಹಲ್ಲು ಕಚ್ಚಿಕೊಂಡು ಅನ್ನುತ್ತಿದ್ದ.

“ಕೈ ಮಾತ್ರ ರಾಣಿಯದು,” ಅಂದ ವಿಷಪ್ಪ. ತಿರುಗಿ ಬಂದು ಬಟ್ಟಲು ಕೊಟ್ಟ. ನಾನು ಎದ್ದು ನಿಂತೆ. ಇಲ್ಲಿ ನಾನು “ಸ್ವೀಕರಿಸಿ, ಪ್ರಭು” ಅನ್ನಬೇಕು. ನಾನು ಬಟ್ಟಲು ಹಿಡಿದುಕೊಂಡೇ ನಿಂತೆ.

“ಮಂತ್ರಿ, ನೀನು ಹೇಳಿದ್ದು ನನಗೆ ಕೇಳಿಸಿತು,” ಅಂದೆ.

ವಿಷಪ್ಪನ ಬಾಯಿ ತೆರೆದೇ ಇತ್ತು. ಪಕ್ಕದಲ್ಲಿ ಸಖಿಯಾಗಿ ನಿಂತಿದ್ದ ತಂಗಿ ಚಾಮರ ಬೀಸುವುದನ್ನು ಮರೆತಳು. ನಾಟಕ ಮುರಿದುಬಿತ್ತು, ನಾನೇ ಮುರಿದೆ, ಇನ್ನು ಯಾರೂ ಇದನ್ನು ಜೋಡಿಸಲಾರರು ಅನ್ನಿಸಿತು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ನನ್ನ ಕೈಯಿಂದ ಹೋಗುವುದಾದರೆ ಇಡೀ ನಾಟಕವೇ ಹೋಗಲಿ.

ನನ್ನ ಗಂಡ ಸಾವಕಾಶವಾಗಿ ಎದ್ದ. ಮುಖದ ಮೇಲೆ ರಾಜನ ನಗೆ ಹಾಗೇ ಇತ್ತು.

“ಮಂತ್ರಿ ಏನೂ ಹೇಳಲಿಲ್ಲವಲ್ಲ, ದೇವಿ,” ಅಂದ.

“ಹೇಳ್ದ! ಹೇಳ್ದ ಕಣಯ್ಯಾ! ನಾವೆಲ್ಲ ಕೇಳಿದ್ವಿ!” ಮುಂದಿನ ಸಾಲಿನಿಂದ ಔಷಧಿ ಅಂಗಡಿಯಾಕೆ ಎದ್ದು ನಿಂತು ಕೂಗಿದಳು. ಹಿಂದಿನಿಂದಲೂ ಯಾರೋ ಕೂಗಿದರು. “ಕುಡೀಬೇಡ” ಅಂತ ಒಂದು ಮುದಿ ಗಂಟಲು.

ರಾಜನಿಗೆ ಹಾಲಿನ ಸದ್ದೂ ಕೇಳಬಾರದು. ಕೇಳಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಬಟ್ಟಲು ತೆಗೆದುಕೊಂಡ. ನೋಡುವವರಿಗೆ ಪ್ರೀತಿಯ ಹಾಗೆ ಕಂಡಿರಬೇಕು, ನನ್ನ ಕಿರುಬೆರಳು ಆಮೇಲೆ ಊದಿಕೊಂಡಿತು. “ನನ್ನ ರಾಣಿಗೆ ದಣಿವಾಗಿದೆ. ಇಲ್ಲದ್ದೆಲ್ಲ ಕೇಳಿಸುತ್ತಿದೆ,” ಅಂದು, ನನ್ನ ಕಣ್ಣಲ್ಲಿ ಕಣ್ಣಿಟ್ಟು, ಗಟಗಟ ಕುಡಿದುಬಿಟ್ಟ.

ಹಾಲ್ ಗೋಳೋ ಅಂದಿತು. ಅಂಥ ಸದ್ದನ್ನು ಆ ಮಂದಿರದಲ್ಲಿ ನಾನು ಕೇಳಿರಲಿಲ್ಲ. ಅವನು ಬಿದ್ದ. ನಾನು ಕೊನೆಯ ಅಂಕವನ್ನು ಆಡಿದೆ. ಊರಿನವರಾಗಿ ಬಂದವರು “ಕೊಲೆಗಾರ್ತಿ” ಅಂದಾಗ ಎದುರಿಗೆ ಕೂತ ನಿಜವಾದ ಊರು ಗಟ್ಟಿಯಾಗಿ ಅಳುತ್ತಿತ್ತು. ನಾನೂ ಅತ್ತೆ, ಪಾತ್ರಕ್ಕಲ್ಲ.

ಪರದೆ ಬಿದ್ದ ಮೇಲೆ ಮೇಷ್ಟ್ರು ಓಡಿ ಬಂದರು. ನನಗೆ ಬೈಯುತ್ತಾರೆ ಅಂದುಕೊಂಡೆ. ಬೈಯಲಿ, ಎದುರಾಡಲು ಸಿದ್ಧಳಾಗಿಯೇ ನಿಂತಿದ್ದೆ. ಅವರ ಕಣ್ಣು ಹೊಳೆಯುತ್ತಿತ್ತು.

“ಅದ್ಭುತ! ಅವಳಿಗೆ ಕೇಳಿಸತ್ತೆ, ಅವಳು ಹೇಳ್ತಾಳೆ, ಆದ್ರೂ ಅವನು ಕುಡೀತಾನೆ! ನಾನು ಇಷ್ಟು ವರ್ಷ ಪಾಠ ಮಾಡಿದ್ರೂ ಇದು ನನಗೆ ಹೊಳೀಲಿಲ್ವಲ್ಲ. ಯಾರಿಗೆ ಹೊಳೆದದ್ದು ಇದು?”

ನಾನು ಬಾಯಿ ತೆರೆಯುವ ಮೊದಲೇ ನನ್ನ ಗಂಡ ಕಿರೀಟ ತೆಗೆಯುತ್ತ, “ನಾವಿಬ್ರೂ ಮಾತಾಡ್ಕೊಂಡೇ ಮಾಡಿದ್ದು ಮೇಷ್ಟ್ರೇ. ಮೊದಲೇ ಹೇಳಿದ್ರೆ ನೀವು ಬೇಡ ಅಂತಿದ್ರಿ ಅಂತ ಸುಮ್ನಿದ್ವಿ,” ಅಂದ. ಮೊದಲ ಸಲ ಗಂಟಲು ಉಳಿಸಿಕೊಳ್ಳುವ ಯೋಚನೆಯಿಲ್ಲದೆ ಧಾರಾಳವಾಗಿ ಮಾತಾಡಿದ. ವಿಷಪ್ಪ ಗಡ್ಡ ಕೀಳುವ ನೆಪದಲ್ಲಿ ಆ ಕಡೆ ತಿರುಗಿಕೊಂಡ.

“ಹೊಸ ರಂಗಮಂದಿರದಲ್ಲಿ ಇದು ಹೀಗೇ ಇರಲಿ,” ಅಂದರು ಮೇಷ್ಟ್ರು. ಆಮೇಲೆ ನನ್ನ ಕಡೆ ನೋಡಿ, ಪಾಪ, ಸ್ವಲ್ಪ ಮುದುಡಿಕೊಂಡರು. “ಅಮ್ಮಾ, ನಿಮಗೆ ರಾಜಮಾತೆ ಅಂತ ಒಂದು ಪಾತ್ರ ಹೊಸದಾಗಿ ಬರೀತಿದ್ದೀನಿ. ಮಾತು ಕಡಿಮೆ. ಆದ್ರೆ ರಂಗದ ಮೇಲೆ ಪೂರ್ತಿ ಇರ್ತೀರಿ.”

ಮಾತು ಕಡಿಮೆ ಏನು, ಒಂದೂ ಇರಲಿಲ್ಲ. ಕಂಪನಿ ಬಿಟ್ಟು ಹೋಗಬಾರದಿತ್ತೇ ಅಂತ ನೀವು ಕೇಳಬಹುದು. ಎಲ್ಲ ಪಾತ್ರೆ ಪಡಗ, ಹಾಸಿಗೆ, ಗಂಡ, ತಂಗಿ, ಕಂಪನಿಯ ಲಾರಿಯಲ್ಲಿ ಹೋಗುತ್ತಿರುವಾಗ ನಾನು ಯಾವ ಬಸ್ಸು ಹತ್ತಲಿ?

ಹೊಸ ರಂಗಮಂದಿರದಲ್ಲಿ ತಾಲೀಮು ಶುರುವಾಗಿ ಒಂದು ವಾರವಾಗಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ತಂಗಿ ಬಂದು ನನ್ನ ಪಕ್ಕ ಕೂತಳು. ರವಿಕೆ ಅವಳಿಗೆ ಸರಿಯಾಗಿ ಕೂತಿತ್ತು.

“ಅಕ್ಕಾ, ಎಲ್ಲಾ ಬರ್ತಿದೆ, ಆ ಒಂದು ಮಾತು ಬರ್ತಿಲ್ಲ. ‘ನನಗೆ ಕೇಳಿಸಿತು’ ಅನ್ನೋದು. ಮೇಷ್ಟ್ರು ದಿನಾ ತಲೆ ಆಡಿಸ್ತಾರೆ. ನೀನು ಹೇಗೆ ಹೇಳ್ದೆ?”

ಅವಳ ಧೈರ್ಯ ನೋಡಿ! ಜೋರಾಗಿ ಕಿರುಚು, ಬೆರಳು ತೋರಿಸಿ ಹೇಳು ಅಂದಿದ್ದರೆ ಸಾಕಿತ್ತು, ಮೊದಲ ದಿನವೇ ಜನ ನಕ್ಕುಬಿಡುತ್ತಿದ್ದರು. ಅದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮಾತು ಕೆಟ್ಟರೆ ಬಟ್ಟಲಿನ ದೃಶ್ಯ ಕೆಡುತ್ತದೆ, ಅದು ಕೆಟ್ಟರೆ ಕೊನೆಯ ಅಂಕ ಕೆಡುತ್ತದೆ. ನನ್ನ ಅಂಕ ಅದು, ಯಾರೇ ಆಡಲಿ.

“ಕೂಗ್ಬೇಡ,” ಅಂದೆ. “ಮೆಲ್ಲಗೆ ಹೇಳು. ಮಂತ್ರಿ ಕಡೆ ನೋಡಿ ಹೇಳು, ಗಂಡನ ಕಡೆ ಮಾತ್ರ ನೋಡ್ಬೇಡ. ನೋಡಿದ್ರೆ ನ್ಯಾಯ ಕೇಳಿದ ಹಾಗಾಗತ್ತೆ. ಅವನು ನಂಬಲ್ಲ ಅಂತ ಗೊತ್ತಿದ್ದೇ ಹೇಳೋದು ಅದು.”

ಅವಳು ಎದ್ದು ನಿಂತು ಹೇಳಿದಳು. ಬರಲಿಲ್ಲ. ಮತ್ತೆ ಹೇಳಿಸಿದೆ. ಭುಜ ಇಳಿಸಿದೆ, ಉಸಿರು ತಡೆಯುವ ಜಾಗ ತೋರಿಸಿದೆ, ಮತ್ತೆ ಹೇಳಿಸಿದೆ. ಊಟಕ್ಕೆ ಎಲ್ಲರೂ ಕರೆದರು, ಹೋಗಗೊಡಲಿಲ್ಲ. ಕೊನೆಗೆ ಬಂತು. ಅವಳ ಬಾಯಿಗೆ ಮಣ್ಣು ಹಾಕ, ನನಗಿಂತ ಚೆನ್ನಾಗಿಯೇ ಹೇಳಿದಳು.